ಮೂರು ಮನೆಯಿಂದ ಎರಡು ಮನೆಗೆ ಇಳಿದ ಹಾಡುಗಳು

ಆಷಾಢದಲ್ಲಿ ಮದುವೆ ಇಲ್ಲ. ಮದುವೆ ಇಲ್ಲದ ತಿಂಗಳಲ್ಲಿ ಕಲ್ಯಾಣ ಮಂಟಪವೂ ಬಿಡುವಾಗಿರುತ್ತದೆ, ವಾಲಗದವರೂ ಬಿಡುವಾಗಿರುತ್ತಾರೆ. ಅದನ್ನೇ ನಂಬಿ ನಾವು ನಾಗಮಂಗಲದ ಒಂದು ಸಣ್ಣ ಮಂಟಪವನ್ನು ಮೂರು ದಿನಕ್ಕೆ ಗೊತ್ತು ಮಾಡಿಕೊಂಡಿದ್ದೆವು. ಪಾಂಡವಪುರದಲ್ಲಿ ಬಿತ್ತನೆ ಬೀಜದ ಅಂಗಡಿಯೊಂದರ ಮಹಡಿ ಮೇಲೆ ನನ್ನ ರೆಕಾರ್ಡಿಂಗ್ ಸ್ಟುಡಿಯೋ ಇದೆ. ದೇವರ ಹಾಡು, ಶಾಲೆಯ ವಾರ್ಷಿಕೋತ್ಸವಕ್ಕೆ ಮಕ್ಕಳು ಕುಣಿಯುವ ಟ್ರ್ಯಾಕು, ಚುನಾವಣೆ ಬಂದರೆ ಆಟೋದ ಮೇಲೆ ಕೂಗಿಸುವ ಪ್ರಚಾರ, ಇವು ನನ್ನ ದಿನದ ಕೆಲಸ. ಅವತ್ತು ಬೆಳಿಗ್ಗೆ ಮಾತ್ರ ವ್ಯಾನಿಗೆ ಮೈಕು, ಸ್ಟ್ಯಾಂಡು, ವೈರಿನ ಸುರುಳಿಗಳನ್ನು ಹೇರಿಕೊಂಡು ಹೊರಟದ್ದು ಒಂದು ಇಂಗ್ಲಿಷ್ ರಾಕ್ ಆಲ್ಬಮ್ಮಿಗೆ ನಾದಸ್ವರ ಸೇರಿಸುವುದಕ್ಕೆ.

ಆಲ್ಬಮ್ಮು ನಾಲ್ಕು ಜನರ ತಂಡದ್ದು. ಎಪ್ಪತ್ತರ ದಶಕದಲ್ಲಿ ಲೋಕವೆಲ್ಲ ಹುಚ್ಚೆದ್ದು ಕೇಳಿದ ಒಂದು ವಿದೇಶಿ ತಂಡದ ಹಾಡುಗಳನ್ನು ಇವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನುಡಿಸುತ್ತಿದ್ದರು. ಬೇರೆ ಯಾರ ಹಾಡನ್ನೂ ಮುಟ್ಟುತ್ತಿರಲಿಲ್ಲ. ಮೈಸೂರು ರಸ್ತೆಯ ಹೋಟೆಲುಗಳಲ್ಲಿ, ಕಾಲೇಜುಗಳ ಉತ್ಸವದಲ್ಲಿ ಕಣ್ಣು ಮುಚ್ಚಿ ಕೇಳಿದವರು ಮೂಲ ತಂಡವೇ ಬಂದಿದೆ ಅನ್ನಬೇಕು, ಅದೇ ಇವರ ಹೆಮ್ಮೆ. ಹಾಡುವವರು ಶ್ರೀರಂಗಪಟ್ಟಣದ ಮಗ್ಗುಲಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ದೇವಸ್ಥಾನದ ಕೈಂಕರ್ಯದ ಮನೆತನದವರು, ಬೆಳಿಗ್ಗೆ ಮಡಿಯುಟ್ಟು ಪೂಜೆ ಮುಗಿಸಿ ಸಂಜೆ ಜೀನ್ಸ್ ತೊಟ್ಟು ವೇದಿಕೆ ಹತ್ತುತ್ತಿದ್ದರು. ಗಿಟಾರಿನವನು ಅವರ ಜೊತೆಗೇ ಓದಿದವನು, ಕೆ.ಆರ್. ಪೇಟೆಯಲ್ಲಿ ಪಂಪ್‌ಸೆಟ್ಟಿನ ಮೋಟರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟಿದ್ದಾನೆ. ಮೂಲದ ರೆಕಾರ್ಡಿನ ನಾದವೇ ಬರಬೇಕೆಂದು ಗಿಟಾರಿನ ತಂತಿಯ ಕೆಳಗೆ ಕೂರುವ ಪಿಕಪ್ಪಿಗೂ ತಾನೇ ತಾಮ್ರದ ತಂತಿ ಸುತ್ತಿಕೊಳ್ಳುತ್ತಿದ್ದ. ಬೇಸ್ ಗಿಟಾರು ಮತ್ತು ಡ್ರಮ್ಸಿನವರು ಶೀಳನೆರೆಯ ಅಣ್ಣತಮ್ಮಂದಿರು. ಹೇಳಿದ್ದನ್ನು ಹೇಳಿದ ಹಾಗೆ ನುಡಿಸಿ, ಬೈಕು ಹತ್ತಿ ಮನೆಗೆ ಹೋಗುವವರು.

ಆನ್‌ಲೈನಿನಲ್ಲಿ ಹಾಡು ಬಿಡುಗಡೆ ಮಾಡುವ ಒಂದು ಸಂಸ್ಥೆ ಇವರ ಆಲ್ಬಮ್ ತರಲು ಒಪ್ಪಿತ್ತು. ಷರತ್ತು ಒಂದೇ. ನಕಲು ಬೇಡ, ನಿಮ್ಮ ಸೀಮೆಯಲ್ಲೇ ಹುಟ್ಟಿದ ಹಾಗೆ ಕೇಳಿಸಬೇಕು. ಹಕ್ಕುದಾರರಿಂದ ಏಳು ಹಾಡುಗಳಿಗೆ ಅನುಮತಿ ಬರಲು ಒಂದು ವರ್ಷ ಹಿಡಿಯಿತು. ಪದ ಬದಲಾಯಿಸುವ ಹಾಗಿಲ್ಲ, ಕನ್ನಡಕ್ಕೆ ತರುವ ಹಾಗೂ ಇಲ್ಲ. ಹಾಗಾಗಿ ಪದವನ್ನು ಮುಟ್ಟದೆ ನಾದವನ್ನು ಬದಲಿಸಬೇಕಿತ್ತು. ಬೇಸಿಗೆ ರಜೆಯಲ್ಲಿ ನನ್ನ ಸ್ಟುಡಿಯೋದಲ್ಲಿ ಎರಡು ತಿಂಗಳು ಕೂತು ಡ್ರಮ್ಸು, ಬೇಸು, ಗಿಟಾರು ಎಲ್ಲ ಮುಗಿಸಿದೆವು. ಅದರ ಮೇಲೆ ವಾಲಗ ಕೂರಿಸಿದರೆ ನಮ್ಮ ಸೀಮೆಯದಾಗುತ್ತದೆ ಅಂದುಕೊಂಡಿದ್ದೆವು, ಕೇಕಿನ ಮೇಲೆ ಚೆರ್ರಿ ಇಟ್ಟ ಹಾಗೆ.

ನಾಗಮಂಗಲದ ಮಂಟಪದಲ್ಲಿ ಮೊದಲ ಅರ್ಧ ದಿನ ಮಾರ್ದನಿಯ ಜೊತೆ ಗುದ್ದಾಡಿದೆ. ಬೋಳು ಗೋಡೆ, ನುಣುಪು ನೆಲ. ಒಂದು ಚಪ್ಪಾಳೆ ಹೊಡೆದರೆ ಮೂರು ಸೆಕೆಂಡು ತಿರುಗಾಡುತ್ತಿತ್ತು. ಉಗ್ರಾಣದಲ್ಲಿದ್ದ ಜಮಖಾನಗಳನ್ನೆಲ್ಲ ಹೊರಗೆಳೆದು, ಹಗ್ಗ ಕಟ್ಟಿ ಮೂರು ಕಡೆ ಇಳಿಬಿಟ್ಟೆ. ನಾದಸ್ವರದ ಶಬ್ದ ಬರೀ ತುದಿಯ ಬಾಯಿಂದ ಬರುವುದಿಲ್ಲ, ತೂತುಗಳಿಂದಲೂ ಬರುತ್ತದೆ. ಅದಕ್ಕೆ ಒಂದು ಮೈಕನ್ನು ಎರಡು ಮಾರು ದೂರದಲ್ಲಿ ಎದೆಯೆತ್ತರಕ್ಕೂ ಇನ್ನೊಂದನ್ನು ತಲೆಯ ಮೇಲಿಂದ ಕೆಳಮುಖವಾಗಿಯೂ ಇಟ್ಟೆ. ವಾಲಗದ ಯಜಮಾನರು ಅರವತ್ತು ದಾಟಿದವರು, ಅಲ್ಲಿನ ದೇವಸ್ಥಾನದಲ್ಲಿ ಎರಡು ಹೊತ್ತು ಸೇವೆ ಮಾಡುವವರು. ನನ್ನ ಕೆಲಸವನ್ನೆಲ್ಲ ಜಗಲಿಯ ಮೇಲೆ ಕೂತು ತಾಳ್ಮೆಯಿಂದ ನೋಡುತ್ತಿದ್ದರು. ಆಮೇಲೆ ಎದ್ದು ಊದಿದರು. ನಾನು ಸ್ಪೀಕರಿನಲ್ಲಿ ನಮ್ಮ ಟ್ರ್ಯಾಕು ಹಾಕಿದೆ. ಎರಡೂ ಒಂದಕ್ಕೊಂದು ಬೆನ್ನು ತಿರುಗಿಸಿಕೊಂಡು ನಿಂತವು.

ತಪ್ಪು ನನ್ನದು. ನಮ್ಮ ಕಡೆ ಶ್ರುತಿಯನ್ನು ಮನೆಗಳಲ್ಲಿ ಹೇಳುತ್ತಾರೆ, ಹಾರ್ಮೋನಿಯಮ್ಮಿನ ಬಿಳಿ ಮನೆಗಳನ್ನು ಎಣಿಸಿಕೊಂಡು. ಎಣಿಕೆ ಹೆಚ್ಚಿದಷ್ಟೂ ಶ್ರುತಿ ಎತ್ತರ. ಗಿಟಾರಿನ ಹಾಡುಗಳೆಲ್ಲ ಹೆಚ್ಚುಕಡಿಮೆ ಮೂರು ಮನೆಯಲ್ಲಿದ್ದವು. ಯಜಮಾನರ ವಾದ್ಯ ಎರಡು ಮನೆಯದು. ಗಿಟಾರಿನ ಹಾಗೆ ತಂತಿ ಬಿಗಿದು ಏರಿಸುವಂಥದ್ದಲ್ಲ. ಫೋನಿನಲ್ಲೇ ಕೇಳಿ ತಿಳಿದುಕೊಳ್ಳಬೇಕಾಗಿದ್ದ ಸಂಗತಿಯನ್ನು ನಾನು ಕೇಳಿರಲಿಲ್ಲ.

ಯಜಮಾನರು ಮೂಲ ಹಾಡು ಹೇಗಿದೆ ಕೇಳಿಸಿ ಅಂದರು. ಫೋನಿನಲ್ಲಿ ಹಾಕಿ ಕೊಟ್ಟೆ. ಕಿವಿಗೆ ಒತ್ತಿಕೊಂಡು ಪೂರ್ತಿ ಕೇಳಿ ವಾಪಸು ಕೊಟ್ಟರು. "ಚೆಂದಾಗೇ ನುಡ್ಸವ್ರೆ ತಾಯಿ. ಸುರ್ತಿ ಒಂದ್ ವಸಿ ಮ್ಯಾಲಕ್ ಮಡಗವ್ರೆ, ಅಷ್ಟೇಯ."

ಜೊತೆಗೆ ಬಂದಿದ್ದ ಮೇಷ್ಟ್ರು ನಕ್ಕರು. ಗಿಟಾರಿನವನು ನಗಲಿಲ್ಲ. ಹಾಡುಗಳನ್ನು ಎರಡು ಮನೆಗೆ ಇಳಿಸಿದರೆ ಹೇಗೆ ಎಂದು ನಾನು ಕೇಳಿದ್ದೇ ತಡ, ಸಾಧ್ಯವೇ ಇಲ್ಲ ಅಂದ. ಮೂಲದ ಶ್ರುತಿಯೇ ಆ ಹಾಡುಗಳ ಜೀವ, ಅದು ತಪ್ಪಿದರೆ ಅಭಿಮಾನಿಗಳು ಮೊದಲ ಸೆಕೆಂಡಿಗೇ ಹಿಡಿಯುತ್ತಾರೆ, ಎರಡು ತಿಂಗಳು ನುಡಿಸಿದ್ದೆಲ್ಲ ನೀರಿಗೆ ಹೋಗುತ್ತದೆ ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು. ಕೊನೆಗೆ ಒಂದು ಅಡ್ಡದಾರಿ ಹಿಡಿದೆವು. ನಮ್ಮ ಟ್ರ್ಯಾಕನ್ನು ತಾತ್ಕಾಲಿಕವಾಗಿ ಇಳಿಸಿ ಯಜಮಾನರಿಗೆ ಕೇಳಿಸುವುದು, ಅವರು ಎರಡು ಮನೆಯಲ್ಲೇ ಊದುವುದು, ಆಮೇಲೆ ಅವರ ವಾಲಗವನ್ನು ನಾನು ಕಂಪ್ಯೂಟರಿನಲ್ಲಿ ಮೂರು ಮನೆಗೆ ಏರಿಸುವುದು.

ಮೂರು ದಿನ ಅವರು ಶ್ರದ್ಧೆಯಿಂದ ಊದಿದರು. ಪಾಂಡವಪುರಕ್ಕೆ ಬಂದು ಏರಿಸಿ ಕೇಳಿದಾಗ ನನಗೆ ಅಳು ಬಂತು. ಒಂದು ಸ್ವರದಿಂದ ಇನ್ನೊಂದಕ್ಕೆ ಅವರು ಜಾರುವ ಆ ಗಮಕ, ಉಸಿರಿನ ತೂಕ, ಎಲ್ಲ ಸೋರಿಹೋಗಿತ್ತು. ಮಕ್ಕಳು ಊದುವ ಪ್ಲಾಸ್ಟಿಕ್ ಪೀಪಿಯ ಹಾಗೆ ಕೀಚಲಾಗಿತ್ತು. ಬೇರೆ ಬೇರೆ ಸಾಫ್ಟ್‌ವೇರಿನಲ್ಲಿ ಒಂದು ವಾರ ತಿಣುಕಿದೆ. ಕೀಚಲು ಕಡಿಮೆಯಾಯಿತು, ಜೀವ ಬರಲಿಲ್ಲ. ಆಲ್ಬಮ್ಮಿನಲ್ಲಿ ವಾಲಗವನ್ನು ಹಿಂದಕ್ಕೆ ತಳ್ಳಿ ಸಣ್ಣಗೆ ಇಟ್ಟರೆ ಗೊತ್ತಾಗುವುದಿಲ್ಲ ಎಂದು ಗಿಟಾರಿನವನು ಹೇಳಿದ. ಅರವತ್ತು ವರ್ಷದ ಮನುಷ್ಯನನ್ನು ಮೂರು ದಿನ ಊದಿಸಿ ಗೊತ್ತಾಗದ ಹಾಗೆ ಇಡುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ. ಆದರೂ ಮೊದಲು ಹಾಡುಗಾರಿಕೆ ಮುಗಿಯಲಿ, ಆಮೇಲೆ ನೋಡೋಣ ಎಂದು ಸುಮ್ಮನಾದೆ.

ಶ್ರಾವಣದ ಮೊದಲ ವಾರ ಮೇಷ್ಟ್ರು ಹಾಡಲು ಕೂತರು. ನಾನು ಹತ್ತು ವರ್ಷದಿಂದ ಅವರನ್ನು ಬಲ್ಲೆ. ಆ ವಿದೇಶಿ ಗಾಯಕ ಎಲ್ಲಿ ಉಸಿರು ಎಳೆಯುತ್ತಾನೋ ಅಲ್ಲಿ ಇವರೂ ಎಳೆಯುತ್ತಿದ್ದರು, ಅವನು ಎಲ್ಲಿ ಕೂಗಿ ದನಿ ಒಡೆಸುತ್ತಾನೋ ಅಲ್ಲಿ ಇವರೂ ಒಡೆಸುತ್ತಿದ್ದರು. ಅವತ್ತು ಮೂರನೆಯ ಹಾಡಿನ ಎತ್ತರದ ಜಾಗಕ್ಕೆ ಬಂದಾಗ ನನ್ನ ಹೆಡ್‌ಫೋನಿನಲ್ಲಿ ಒಂದು ಧ್ವನಿ ಇರಬೇಕಾದ ಕಡೆ ಎರಡು ಎಳೆ ಕೇಳಿಸಿದವು. ಒಂದು ಅವರದ್ದು, ಇನ್ನೊಂದು ಅದರ ಪಕ್ಕದಲ್ಲೇ ಕೆರೆಯುವ ಶಬ್ದ. ಮೈಕಿನ ದೋಷವಿರಬಹುದೆಂದು ಮೈಕು ಬದಲಿಸಿದೆ. ವೈರು ಬದಲಿಸಿದೆ. ಆಮೇಲೆ ಅವರನ್ನೇ ಕೇಳಿದೆ, ಎಷ್ಟು ದಿನದಿಂದ ಹೀಗೆ. ಐದಾರು ತಿಂಗಳಾಯಿತು, ಸೀಮೆಸುಣ್ಣದ ಧೂಳು ಅಂದುಕೊಂಡಿದ್ದೆ ಎಂದರು. ಕಷಾಯ ಕುಡಿದಿದ್ದರು, ಜೇನು ನೆಕ್ಕಿದ್ದರು, ಯಾರಿಗೂ ತೋರಿಸಿರಲಿಲ್ಲ. ನಾನು ಡಾಕ್ಟರಲ್ಲ. ಆದರೆ ಮೂವತ್ತು ವರ್ಷ ಬೇರೆಯವರ ಗಂಟಲನ್ನೇ ಕೇಳಿಕೊಂಡು ಬಂದವಳು. ಇವತ್ತು ಇನ್ನು ಹಾಡಬೇಡಿ, ನಾಳೆಯೇ ಮೈಸೂರಿಗೆ ಹೋಗಿ ತೋರಿಸಿ ಎಂದೆ. ಅವರು ವಾದಿಸಿದರು. ನಾನು ಮೈಕಿನ ವೈರು ಕಿತ್ತು ಸುತ್ತಿಟ್ಟೆ.

ಮೈಸೂರಿನ ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಧ್ವನಿತಂತುವಿನ ಮೇಲೆ ಒಂದು ಗಂಟು, ಅದರ ಸುತ್ತ ಬಿಳಿ ಮಚ್ಚೆ. ತೆಗೆಯಬೇಕು, ತೆಗೆದದ್ದನ್ನು ಪರೀಕ್ಷೆಗೆ ಕಳಿಸಬೇಕು. ಕೆಟ್ಟದ್ದೇ ಇರಬೇಕೆಂದಿಲ್ಲ, ಇಲ್ಲವೆಂದೂ ಈಗ ಹೇಳಲಾರೆ ಎಂದರಂತೆ. ಮೂರು ವಾರದ ಆಚೆಗೆ ಒಂದು ಸೋಮವಾರ ಆಪರೇಷನ್ನಿಗೆ ದಿನ ಕೊಟ್ಟರು. ಆಮೇಲೆ ಧ್ವನಿ ಹೇಗಿರುತ್ತದೆ ಎಂದು ಮೇಷ್ಟ್ರು ಕೇಳಿದ್ದಕ್ಕೆ, ಪಾಠ ಮಾಡಲು ಅಡ್ಡಿಯಿಲ್ಲ, ಹಾಡಿನ ಮಾತು ಈಗ ಬೇಡ ಎಂದರಂತೆ.

ಇದನ್ನೆಲ್ಲ ನನಗೆ ಹೇಳಿದವರು ಮೇಷ್ಟ್ರ ಹೆಂಡತಿ. ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುವವರು, ಮಾತು ತೂಕ ಹಾಕಿ ಆಡುವವರು. ಆಲ್ಬಮ್ ನಿಲ್ಲಿಸಿಬಿಡಿ ಎಂದು ಹೇಳಲು ಬಂದಿದ್ದಾರೆ ಅಂದುಕೊಂಡೆ. ಅವರು ಹೇಳಿದ್ದು ಬೇರೆ. ಮನೆಯಲ್ಲಿ ಇವರು ಮಾತಿಲ್ಲದೆ ಗೋಡೆ ನೋಡಿಕೊಂಡು ಕೂತಿದ್ದಾರೆ, ಏನಾದರೂ ದಾರಿ ಇದ್ದರೆ ನೋಡಿ ಎಂದರು.

ದಾರಿ ತಂದವನು ಗಿಟಾರಿನವನು. ಇಪ್ಪತ್ತು ವರ್ಷದ ಕಾರ್ಯಕ್ರಮಗಳ ರೆಕಾರ್ಡಿಂಗನ್ನೆಲ್ಲ ಒಂದು ಹಾರ್ಡ್ ಡಿಸ್ಕಿಗೆ ತುಂಬಿಕೊಂಡು ಮಹಡಿ ಹತ್ತಿ ಬಂದ. ಈಗ ಒಬ್ಬರ ಧ್ವನಿಯನ್ನು ಕೇಳಿಸಿದರೆ ಅದೇ ಧ್ವನಿಯಲ್ಲಿ ಹಾಡುವ ಸಾಫ್ಟ್‌ವೇರ್ ಬಂದಿದೆಯಂತೆ, ಇವನ ದನಿಯನ್ನು ಅದಕ್ಕೆ ಕಲಿಸು ಅಕ್ಕ, ಅವನು ಬಾಯಿ ಬಿಡೋದೇ ಬೇಡ ಎಂದ. ಕೆಟ್ಟ ಉದ್ದೇಶವಿರಲಿಲ್ಲ. ಗೆಳೆಯನ ಗಂಟಲಿಗೂ ನೋವಾಗಬಾರದು, ಆಲ್ಬಮ್ಮೂ ನಿಲ್ಲಬಾರದು ಅನ್ನುವುದೇ ಅವನ ಯೋಚನೆ. ನನಗೆ ಅನುಮಾನವಿತ್ತು, ಆದರೆ ಕುತೂಹಲವೂ ಇತ್ತು. ಮೇಷ್ಟ್ರನ್ನು ಕೇಳಿದೆವು, ಮಾಡಿ ನೋಡಿ ಎಂದು ಮೆಸೇಜು ಕಳಿಸಿದರು. ಜನರ ಗದ್ದಲವಿಲ್ಲದ, ಧ್ವನಿ ಶುದ್ಧವಾಗಿ ಬಂದ ತುಣುಕುಗಳನ್ನು ಆರಿಸಿ, ಕತ್ತರಿಸಿ, ಒಂದೂವರೆ ಗಂಟೆಯಷ್ಟು ಜೋಡಿಸಿದೆ. ನಾಲ್ಕನೆಯ ದಿನ ಒಂದು ಹಾಡು ತಯಾರಾಯಿತು.

ದಂಪತಿಯನ್ನು ಕರೆಸಿ ಕೇಳಿಸಿದೆ. ಹಳೆಯ ರೆಕಾರ್ಡಿಂಗಿನ, ಮೂವತ್ತೈದರ ವಯಸ್ಸಿನ ಮೇಷ್ಟ್ರು ಸ್ಪೀಕರಿನಿಂದ ಹಾಡಿದರು. ಎತ್ತರದ ಜಾಗದಲ್ಲಿ ಒಡೆಯಬೇಕಾದ ಕಡೆ ಒಡೆಯಿತು, ನಿಲ್ಲಬೇಕಾದ ಕಡೆ ನಿಂತಿತು. ಗಿಟಾರಿನವನ ಕಣ್ಣು ಒದ್ದೆಯಾಗಿತ್ತು. ಮೇಷ್ಟ್ರು ಪೂರ್ತಿ ಕೇಳಿದರು. ಮಾತು ಕಡಿಮೆ ಆಡಬೇಕಿತ್ತು, ಅದಕ್ಕೆ ತಗ್ಗಿದ ದನಿಯಲ್ಲಿ ಹೇಳಿದರು. "ತುಂಬ ಚೆನ್ನಾಗಿದೆ ಮೇಡಂ. ಆದರೆ ನಾನು ಇಪ್ಪತ್ತು ವರ್ಷ ಅವನ ನಕಲು ಮಾಡಿದೆ. ಈಗ ಇದು ನನ್ನ ನಕಲು ಮಾಡುತ್ತಿದೆ. ಇದರಲ್ಲಿ ಹಾಡುತ್ತಿರುವವರು ಯಾರು?"

ನಾನು ಆ ಫೈಲನ್ನು ಮುಚ್ಚಿ, ಮೈಕು ಹಾಕಿ, ಮೂರನೆಯ ಹಾಡಿನ ಮೊದಲ ಸಾಲನ್ನು ಕೂಗದೆ, ಮಾತಾಡುವ ಮಟ್ಟದಲ್ಲಿ, ಎಷ್ಟು ಕೆಳಗೆ ಹಿತವೋ ಅಷ್ಟು ಕೆಳಗೆ ಹೇಳಿ ಎಂದು ಕೇಳಿದೆ. ಹೇಳಿದರು. ತಗ್ಗಿನಲ್ಲಿ ಆ ಕೆರೆತ ಇರಲಿಲ್ಲ. ಮೂವತ್ತೈದರ ಮೇಷ್ಟ್ರಲ್ಲ, ವಿದೇಶಿ ಗಾಯಕನೂ ಅಲ್ಲ, ನಲವತ್ತಾರು ವರ್ಷದ, ಹೆದರಿದ, ಓದಿಕೊಂಡ ಒಬ್ಬ ಮನುಷ್ಯ ಆ ಸಾಲನ್ನು ಯಾರಿಗೋ ಪಕ್ಕದಲ್ಲಿ ಕೂತು ಹೇಳುತ್ತಿದ್ದ ಹಾಗಿತ್ತು. ಅದರ ಅರ್ಥ ನನಗೆ ಅವತ್ತೇ ಮೊದಲು ಆಗಿದ್ದು. ಆ ತಗ್ಗಿಗೆ ಶ್ರುತಿ ಹುಡುಕಿದೆ. ಹಾರ್ಮೋನಿಯಮ್ಮಿನ ಎರಡನೇ ಬಿಳಿ ಮನೆಯ ಮೇಲೆ ನನ್ನ ಬೆರಳು ಕೂತಿತು.

ಯಜಮಾನರ ಎರಡು ಮನೆ. ಮೇಷ್ಟ್ರು ಏರಲಾರದ ಎತ್ತರವನ್ನೆಲ್ಲ ವಾಲಗ ಏರಲಿ, ಮೇಷ್ಟ್ರು ಕೆಳಗೆ ನಿಂತು ಹಾಡಲಿ. ಹಾಗೆ ಮಾಡಿದರೆ ಬೇಸಿಗೆಯಲ್ಲಿ ನುಡಿಸಿದ್ದ ಗಿಟಾರು, ಬೇಸು, ಡ್ರಮ್ಸು ಒಂದೂ ಉಳಿಯುವುದಿಲ್ಲ. ಎಲ್ಲವನ್ನೂ ಮೊದಲಿಂದ ನುಡಿಸಬೇಕು, ಕೈಯಲ್ಲಿದ್ದದ್ದು ಹದಿನೈದು ದಿನ. ನಾನು ಹೀಗೇ ಮಾಡೋಣ ಎಂದೆ. ಮೇಷ್ಟ್ರು ತಲೆಯಾಡಿಸಿದರು. ಅವರ ಹೆಂಡತಿ ಡಾಕ್ಟರನ್ನು ಕೇಳದೆ ಒಪ್ಪುವುದಿಲ್ಲ ಎಂದರು. ಗಿಟಾರಿನವನು ಹಾರ್ಡ್ ಡಿಸ್ಕು ಎತ್ತಿಕೊಂಡು ಮೆಟ್ಟಿಲಿಳಿದ.

ಡಾಕ್ಟರು ದಿನಕ್ಕೆ ಇಪ್ಪತ್ತು ನಿಮಿಷಕ್ಕೆ ಒಪ್ಪಿದರು. ಮಾತಾಡುವ ಮಟ್ಟದಲ್ಲೇ ಹಾಡಬೇಕು, ಸ್ವಲ್ಪ ನೋವಾದರೂ ನಿಲ್ಲಿಸಬೇಕು. ಗಿಟಾರಿನವನು ಎರಡು ದಿನ ಫೋನೆತ್ತಲಿಲ್ಲ. ಮೂರನೆಯ ದಿನ ನಾನೇ ಕೆ.ಆರ್. ಪೇಟೆಗೆ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಅವನು ಒಂದು ಮೋಟರಿಗೆ ತಂತಿ ಸುತ್ತುತ್ತಾ ಕೂತಿದ್ದ. ತುಟಿಯಲ್ಲೇ ಸುತ್ತು ಎಣಿಸುತ್ತಿದ್ದ. ಎಣಿಕೆ ತಪ್ಪಿದರೆ ಪೂರ್ತಿ ಬಿಚ್ಚಬೇಕು, ಅದು ನನಗೆ ಗೊತ್ತು. ಸ್ಟೂಲಿನ ಮೇಲೆ ಕಾದು ಕೂತೆ. ಕಾಲು ಗಂಟೆಯ ಮೇಲೆ ತಂತಿ ತುಂಡರಿಸಿ ತಲೆಯೆತ್ತಿದ. ಇಳಿಸಿ ನುಡಿಸಲು ನಿನಗೇನು ಕಷ್ಟ ಎಂದು ನೇರವಾಗಿ ಕೇಳಿದೆ. ಅಭಿಮಾನಿಗಳ ಮಾತು, ಮೂಲದ ಮಾತು ಅವನು ಈ ಸಲ ತೆಗೆಯಲಿಲ್ಲ.

"ಇಳ್ಸ್‌ಬುಟ್ರೆ ಅವನ್ ಗಂಟ್ಲು ಓಯ್ತು ಅಂತ ನಾನೇ ಒಪ್ಕಂಡಂಗಾಯ್ತದೆ ಕಣಕ್ಕ," ಅಂದ. ತುಂಡರಿಸಿದ ತಂತಿಯ ತುದಿಯನ್ನು ಬಗ್ಗಿಸುತ್ತಾ ಮತ್ತೆ ಅಂದ, "ಎಂಟ್ನೇ ಕ್ಲಾಸ್ನಾಗೆ ಪಕ್ಕ್‌ದಲ್ ಕೂತ್ಕಂಡು ಕೂಗ್ತಿದ್ದ ಬಡ್ಡಿಮಗ. ಆ ಕೂಗ್ ಕೇಳ್ದೇ ನಾನು ಗಿಟಾರ್ ಇಡ್ಕಂಡಿದ್ದು."

ಅವರು ಒಪ್ಪಿಕೊಂಡಾಗಿದೆಯಪ್ಪಾ, ಒಪ್ಪಿಕೊಳ್ಳದೆ ಉಳಿದವನು ನೀನೊಬ್ಬ ಎಂದೆ. ಅದು ಕಠಿಣವಾದ ಮಾತಾಯಿತೇನೋ ಎಂದು ಬಸ್ಸಿನಲ್ಲಿ ವಾಪಸು ಬರುವಾಗ ಅನ್ನಿಸಿತು. ಮರುದಿನ ಬೆಳಿಗ್ಗೆ ಹತ್ತಕ್ಕೆ ಅವನು ಸ್ಟುಡಿಯೋದಲ್ಲಿದ್ದ. ಗಿಟಾರಿಗೆ ದಪ್ಪ ತಂತಿ ಹಾಕಿದ್ದ. ಹಳೆಯ ತಂತಿಯನ್ನೇ ಸಡಿಲಿಸಿದರೆ ಜೋತುಬಿದ್ದು ಗುಂಯ್‌ಗುಡುತ್ತದೆ, ದಪ್ಪದ್ದಾದರೆ ತಗ್ಗಿನಲ್ಲೂ ಬಿಗಿಯಾಗಿ ನಿಲ್ಲುತ್ತದೆ ಎಂದು ಬೇರೆ ಏನೂ ನಡೆದಿಲ್ಲವೆಂಬಂತೆ ವಿವರಿಸಿದ.

ಈ ಸಲ ತುಂಡು ತುಂಡಾಗಿ ಬೇಡ, ಎಲ್ಲರೂ ಒಟ್ಟಿಗೆ ನುಡಿಸಬೇಕು ಎಂದು ತೀರ್ಮಾನಿಸಿದೆವು. ನನ್ನ ಸ್ಟುಡಿಯೋ ವಾಲಗಕ್ಕೆ ಸಾಲದು. ಶ್ರಾವಣ ಬಂದಿದ್ದರಿಂದ ಕಲ್ಯಾಣ ಮಂಟಪಗಳಲ್ಲಿ ಮದುವೆ ಶುರುವಾಗಿತ್ತು. ಯಜಮಾನರೇ ಹೊಣಕೆರೆಯ ನಂಟರೊಬ್ಬರ ರಾಗಿ ಗೋದಾಮು ಕೊಡಿಸಿದರು. ಒಳಗೆ ಹೋಗಿ ಚಪ್ಪಾಳೆ ಹೊಡೆದೆ. ಶಬ್ದ ಹೋದದ್ದು ವಾಪಸು ಬರಲಿಲ್ಲ, ಗೋಡೆಯ ಉದ್ದಕ್ಕೂ ಪೇರಿಸಿದ್ದ ಚೀಲಗಳು ಎಲ್ಲವನ್ನೂ ಕುಡಿದುಬಿಟ್ಟವು. ಯಾವ ಸ್ಟುಡಿಯೋದಲ್ಲೂ ಇಷ್ಟು ಒಳ್ಳೆಯ ಗೋಡೆಯನ್ನು ನಾನು ಕಂಡಿರಲಿಲ್ಲ.

ವಾಲಗ ಊದುವ ಜಾಗದಲ್ಲಿ ತಗ್ಗಿದ ದನಿಯ ಹಾಡುಗಾರನನ್ನು ಕೂರಿಸುವಂತಿಲ್ಲ, ಅವರ ಮೈಕಿನಲ್ಲೂ ವಾಲಗವೇ ತುಂಬುತ್ತದೆ. ಅದಕ್ಕೆ ಗೋದಾಮಿನ ಹೊರಗೆ ನೆರಳಿನಲ್ಲಿ ನನ್ನ ವ್ಯಾನು ನಿಲ್ಲಿಸಿ, ಒಳಗೆಲ್ಲ ಕಂಬಳಿ ಹೊದಿಸಿ, ಮೇಷ್ಟ್ರನ್ನು ಅದರಲ್ಲಿ ಕೂರಿಸಿದೆ. ಹೆಡ್‌ಫೋನಿನಲ್ಲಿ ಒಳಗಿನ ವಾದ್ಯಗಳೆಲ್ಲ ಅವರಿಗೆ ಕೇಳುತ್ತಿದ್ದವು. ಅವರ ದನಿಯೂ ಒಳಗಿನವರ ಹೆಡ್‌ಫೋನಿಗೆ ಸಣ್ಣಗೆ ಹೋಗುತ್ತಿತ್ತು, ವಾಲಗದ ಸದ್ದಿನಲ್ಲಿ ಅರ್ಧ ಮುಚ್ಚಿಹೋಗುತ್ತಿತ್ತು. ಅವರ ಹೆಂಡತಿ ಕಚೇರಿಗೆ ರಜೆ ಹಾಕಿ ಬರುತ್ತಿದ್ದರು. ವ್ಯಾನಿನ ಮುಂದಿನ ಸೀಟಿನಲ್ಲಿ ಬಿಸಿನೀರಿನ ಫ್ಲಾಸ್ಕು ಹಿಡಿದು, ಫೋನಿನಲ್ಲಿ ಇಪ್ಪತ್ತು ನಿಮಿಷದ ಗಡಿಯಾರ ಓಡಿಸುವುದು ಅವರ ಕೆಲಸ. ನಡುವೆ ನಿಲ್ಲಿಸಿದರೆ ಗಡಿಯಾರವನ್ನೂ ನಿಲ್ಲಿಸುತ್ತಿದ್ದರು, ಹಾಡು ಶುರುವಾದರೆ ಮತ್ತೆ ಓಡಿಸುತ್ತಿದ್ದರು. ಒಂದು ನಿಮಿಷದ ರಿಯಾಯಿತಿಯೂ ಇರಲಿಲ್ಲ.

ಇಪ್ಪತ್ತು ನಿಮಿಷವನ್ನು ಅಭ್ಯಾಸಕ್ಕೆ ಸುರಿಯುವಂತಿಲ್ಲ. ಅಭ್ಯಾಸದ ಹೊತ್ತಿನಲ್ಲಿ ಮೇಷ್ಟ್ರ ಬದಲಿಗೆ ನಾನು ಗುನುಗುತ್ತಿದ್ದೆ. ಜೀವಮಾನದಲ್ಲಿ ಮೈಕಿನ ಹಾಡುವ ಕಡೆ ನಿಂತವಳಲ್ಲ. ಮೊದಲ ದಿನ ನಾಚಿಕೆಯಿಂದ ದನಿಯೇ ಹೊರಡಲಿಲ್ಲ, ಡೋಲು ಬಾರಿಸಲು ಬಂದಿದ್ದ ಯಜಮಾನರ ಬಾಮೈದ ಅದರ ಮರೆಯಲ್ಲಿ ನಕ್ಕ. ಎರಡನೆಯ ದಿನಕ್ಕೆ ಯಾರೂ ನಗಲಿಲ್ಲ. ಯಜಮಾನರಿಗೆ ಇಂಗ್ಲಿಷ್ ಬಾರದು. ಪ್ರತಿ ಚರಣದ ಅರ್ಥವನ್ನು ಮೇಷ್ಟ್ರು ಕಾಗದದ ಮೇಲೆ ಕನ್ನಡದಲ್ಲಿ ಬರೆದು ಕೊಡುತ್ತಿದ್ದರು, ನಾನು ಓದಿ ಹೇಳುತ್ತಿದ್ದೆ. ಇಲ್ಲಿ ಬಿಟ್ಟು ಹೋದವಳನ್ನು ಕರೆಯುತ್ತಿದ್ದಾನೆ, ಇಲ್ಲಿ ಸಿಟ್ಟು, ಇಲ್ಲಿ ದಣಿವು. ಯಜಮಾನರು ಕೇಳಿಸಿಕೊಂಡು ಒಂದು ಕ್ಷಣ ನೆಲ ನೋಡಿ, ನಾದಸ್ವರದ ತುದಿಯ ಓಲೆಯನ್ನು ತುಟಿಗಿಟ್ಟು ಊದುತ್ತಿದ್ದರು. ಆ ವಿದೇಶಿ ಗಾಯಕ ಕಿರುಚಿದ ಜಾಗದಲ್ಲಿ ಇವರು ಕಿರುಚಲಿಲ್ಲ. ಮೇಲಿನ ಷಡ್ಜಕ್ಕೆ ಹೋಗಿ ನಿಂತು, ಅಲ್ಲಿಂದ ಅವಸರವಿಲ್ಲದೆ ಇಳಿಯುತ್ತಿದ್ದರು. ಅದರ ಕೆಳಗೆ ಮೇಷ್ಟ್ರ ದನಿ, ದಪ್ಪ ತಂತಿಯ ಗಿಟಾರು. ಗಿಟಾರಿನವನು ಎರಡನೆಯ ಹಾಡು ಮುಗಿದ ಮೇಲೆ ಹೊರಗೆ ಹೋಗಿ ವ್ಯಾನಿನ ಕಿಟಕಿ ತಟ್ಟಿ, "ಲೇ, ಇಂಗೂ ಆಡ್ತೀಯ ಅಂತ ಯೋಳ್ಲೇ ಇಲ್ವಲ್ಲೋ," ಅಂದ.

ಎಲ್ಲವೂ ಸಲೀಸಾಗಿ ನಡೆಯಿತೆಂದಲ್ಲ. ಒಂದು ದಿನ ಕರೆಂಟು ಹೋಗಿ ಸಂಜೆಯವರೆಗೆ ಬರಲಿಲ್ಲ. ಇನ್ನೊಂದು ದಿನ ರಾಗಿಯ ಧೂಳಿಗೆ ಮೇಷ್ಟ್ರಿಗೆ ಕೆಮ್ಮು ಹತ್ತಿ, ಹೆಂಡತಿ ಆ ದಿನವನ್ನೇ ರದ್ದು ಮಾಡಿ ಕರೆದುಕೊಂಡು ಹೋದರು. ಹಾಗಾಗಿ ಆಪರೇಷನ್ನಿನ ಹಿಂದಿನ ಶನಿವಾರಕ್ಕೆ ಎರಡು ಹಾಡು ಬಾಕಿ ಉಳಿದವು, ಭಾನುವಾರ ಆಸ್ಪತ್ರೆಗೆ ಸೇರಬೇಕಿತ್ತು. ಆರನೆಯದಕ್ಕೆ ಎಣಿಸಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು, ಎರಡು ಸಲ ನಡುವೆ ಬೇಸು ತಪ್ಪಿತು. ಏಳನೆಯದನ್ನು ಶುರು ಮಾಡುವಾಗ ಗಡಿಯಾರದಲ್ಲಿ ಆರು ನಿಮಿಷ ಇತ್ತು. ಹಾಡು ಏಳು ನಿಮಿಷದ್ದು, ಅದರಲ್ಲಿ ಮೊದಲ ಒಂದು ನಿಮಿಷ ಬರೀ ವಾದ್ಯ. ಆ ಒಂದು ನಿಮಿಷ ಲೆಕ್ಕಕ್ಕಿಲ್ಲ ಎಂದು ಮೇಷ್ಟ್ರ ಹೆಂಡತಿ ಒಪ್ಪಿದರು. ಒಂದೇ ಸಲಕ್ಕೆ ತಪ್ಪಿಲ್ಲದೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಶುರುವಾಯಿತು. ಎರಡು ಚರಣ ಚೆನ್ನಾಗಿ ಬಂದವು. ಮೂರನೆಯ ಚರಣಕ್ಕೆ ಮುಂಚೆ ಯಜಮಾನರು ತಮ್ಮ ಓಘದಲ್ಲಿ ನಾವು ಅಭ್ಯಾಸ ಮಾಡಿದ್ದಕ್ಕಿಂತ ಒಂದು ಆವರ್ತ ಹೆಚ್ಚು ಊದಿದರು. ಕಿವಿಗೆ ಹಿತವಾಗಿತ್ತು, ಆದರೆ ಹಾಡಿನ ನಡುವಿನ ವಾದ್ಯಕ್ಕೂ ಗಡಿಯಾರ ಓಡುತ್ತಿತ್ತು, ಹೊತ್ತು ಜಾರಿತು. ನಾನು ಗೋದಾಮಿನ ಬಾಗಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ, ಒಂದು ಕಡೆ ವಾದ್ಯದವರು, ಇನ್ನೊಂದು ಕಡೆ ವ್ಯಾನು ನನಗೆ ಕಾಣುತ್ತಿತ್ತು. ಕೊನೆಯ ಚರಣ. ಮೇಷ್ಟ್ರು ಎರಡು ಸಾಲು ಹಾಡಿದರು. ಮುಂದಿನ ಸೀಟಿನಲ್ಲಿ ಅವರ ಹೆಂಡತಿ ಹಿಂದಕ್ಕೆ ತಿರುಗಿ, ಅಂಗೈ ಎತ್ತಿ ತೋರಿಸಿದರು. ಅವರ ಮುಖ ನನಗೆ ಕಾಣಿಸಿತು. ಇನ್ನೊಂದು ನಿಮಿಷ ಬಿಡಲು ಅವರಿಗಿಂತ ಆಸೆಯಿದ್ದವರು ಅಲ್ಲಿ ಯಾರೂ ಇರಲಿಲ್ಲ ಅನ್ನಿಸಿತು. ಆದರೂ ಕೈ ಇಳಿಸಲಿಲ್ಲ. ಮೇಷ್ಟ್ರು ಬಾಯಿ ಮುಚ್ಚಿದರು. ಹೆಡ್‌ಫೋನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ನಿಲ್ಲಿಸುವ ಗುಂಡಿಯ ಮೇಲೆ ನನ್ನ ಬೆರಳಿತ್ತು. ಒಳಗೆ ಯಜಮಾನರು ಕಣ್ಣು ಮುಚ್ಚಿ ಊದುತ್ತಲೇ ಇದ್ದರು. ಮೇಷ್ಟ್ರ ದನಿ ನಿಂತ ಸಾಲಿನಿಂದಲೇ ಚರಣವನ್ನು ಎತ್ತಿಕೊಂಡು, ನಾನು ಗುನುಗಿ ಕಲಿಸಿದ ಸ್ವರದಲ್ಲಿ, ಸಾಲಿಗೆ ಸಾಲು ತುಂಬುತ್ತಾ ಹೋದರು. ಗಿಟಾರಿನವನು ನನ್ನ ಕಡೆ ನೋಡಿದ. ನಾನು ಬೆರಳು ತೆಗೆದೆ. ಹಾಡು ತನ್ನ ಕೊನೆ ತಲುಪುವವರೆಗೆ ಹೋಯಿತು.

ಸೋಮವಾರ ಆಪರೇಷನ್ ಆಯಿತು. ಪರೀಕ್ಷೆಯ ಫಲಿತಾಂಶಕ್ಕೆ ಎಂಟು ದಿನ ಕಾದೆವು. ಆ ಎಂಟು ದಿನವೂ ನಾನು ಮಿಕ್ಸಿಂಗ್ ಮಾಡಿದೆ, ಇಲ್ಲದಿದ್ದರೆ ಬೇರೆ ಏನು ಮಾಡುವುದೆಂದು ಗೊತ್ತಾಗುತ್ತಿರಲಿಲ್ಲ. ಗಿಟಾರಿನವನು ದಿನಾ ಬಂದು ಹಿಂದಿನ ಬೆಂಚಿನ ಮೇಲೆ ಕೂತು ಹೋಗುತ್ತಿದ್ದ. ಒಂಬತ್ತನೆಯ ದಿನ ಮೇಷ್ಟ್ರ ಹೆಂಡತಿಯ ಫೋನು ಬಂತು. ಕೆಟ್ಟದ್ದಲ್ಲ ಎಂದರು. ಗಿಟಾರಿನವನಿಗೆ ಹೇಳಿದೆ. ಅವನು ಎದ್ದು ಹೋಗಿ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದ.

ಎರಡು ದಿನದ ಮೇಲೆ ದಂಪತಿ ಸ್ಟುಡಿಯೋಗೆ ಬಂದರು. ಮೇಷ್ಟ್ರು ಇನ್ನೂ ಮಾತಾಡುವ ಹಾಗಿರಲಿಲ್ಲ, ಜೇಬಿನಲ್ಲಿ ಪೆನ್ನು ಮತ್ತು ಚೀಟಿಗಳಿದ್ದವು. ಏಳು ಹಾಡನ್ನೂ ಕೇಳಿಸಿದೆ. ಕೊನೆಯ ಚರಣದ ಉಳಿದ ನಾಲ್ಕು ಸಾಲನ್ನು ಅವರು ಕೇಳಿರಲೇ ಇಲ್ಲ, ಅವತ್ತು ಹೆಡ್‌ಫೋನು ತೆಗೆದಿದ್ದರಲ್ಲ. ಮುಂದಕ್ಕೆ ಬಾಗಿ, ಎರಡೂ ಮೊಣಕೈಯನ್ನು ಮಂಡಿಗೂರಿ ಕೇಳಿದರು. ಮುಗಿದ ಮೇಲೆ ಗಿಟಾರಿನವನು, ಡಾಕ್ಟರು ಮೂರು ತಿಂಗಳಿಗೆ ಹಾಡಬಹುದು ಎಂದಿದ್ದಾರೆ, ಆ ನಾಲ್ಕು ಸಾಲನ್ನು ಆಗ ಹಾಡಿ ಸೇರಿಸೋಣ, ಸಂಸ್ಥೆಯವರು ಕಾಯುತ್ತಾರೆ ಎಂದ. ಅದು ಆಗದ ಮಾತಲ್ಲ, ನನಗೂ ಆ ಯೋಚನೆ ಬಂದಿತ್ತು. ಮೇಷ್ಟ್ರು ಚೀಟಿಯಲ್ಲಿ ಬರೆದು ನನ್ನ ಕಡೆ ತಳ್ಳಿದರು. 'ಆ ಚರಣ ಈಗ ಅವರದು.' ಇನ್ನೊಂದು ಚೀಟಿ ತೆಗೆದು ಬರೆದರು, 'ನಾಳೆ ಹೋಗಿ ಅವರಿಗೆ ಕೇಳಿಸೋಣ.'

ಮರುದಿನ ಬೆಳಗಿನ ಸೇವೆ ಮುಗಿಯುವ ಹೊತ್ತಿಗೆ ನಾಗಮಂಗಲಕ್ಕೆ ಹೋದೆವು. ಯಜಮಾನರು ದೇವಸ್ಥಾನದ ಪೌಳಿಯಲ್ಲಿ ವಾದ್ಯವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದರು. ಮೇಷ್ಟ್ರನ್ನು ನೋಡಿ ಎದ್ದು ಕೈಮುಗಿದರು, ಮೇಷ್ಟ್ರೂ ಮುಗಿದರು. ಹೊರಗಿನ ಕಟ್ಟೆಯ ಮೇಲೆ ಕೂರಿಸಿ ಹೆಡ್‌ಫೋನು ಹಾಕಿ ಏಳನೆಯ ಹಾಡನ್ನು ಕೇಳಿಸಿದೆ. ಕೊನೆಯ ಚರಣ ಬಂದಾಗ ಅವರ ಹುಬ್ಬು ಗಂಟಿಕ್ಕಿತು. ಹೆಡ್‌ಫೋನನ್ನು ಕೈಯಿಂದ ಒತ್ತಿ ಹಿಡಿದುಕೊಂಡರು. ಮತ್ತೊಂದು ಸಲ ಹಾಕಿ ಎಂದು ಕೈಸನ್ನೆ ಮಾಡಿದರು. ಮತ್ತೆ ಹಾಕಿದೆ. ಮುಗಿದ ಮೇಲೆ ಹೆಡ್‌ಫೋನು ತೆಗೆದು ಮೇಷ್ಟ್ರ ಕಡೆ ತಿರುಗಿದರು.

"ನೀವು ಅಲ್ಲೇ ನಿಲ್ಸ್‌ಬುಟ್ಟಿದ್ರಾ ಸ್ವಾಮಿ? ನಂಗೆ ಗೊತ್ತೇ ಆಗ್ನಿಲ್ಲ. ಕೊನೇಗಂಟ ನೀವು ಆಡ್ತಾ ಇದ್ದೀರಿ ಅಂತ್ಲೇ ನಾನು ಊದ್ತಿದ್ದೆ."

ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು. ಚೀಟಿಯನ್ನು ಮಂಡಿಯ ಮೇಲೆ ಇಟ್ಟುಕೊಂಡರು. ಆಮೇಲೆ ಏನೂ ಬರೆಯದೆ ಎರಡನ್ನೂ ಜೇಬಿಗೆ ಹಾಕಿಕೊಂಡು, ಕಟ್ಟೆಯ ಮೇಲೆ ಯಜಮಾನರ ಹತ್ತಿರಕ್ಕೆ ಸರಿದು ಕೂತರು.